ಟೆಂಡರ್ ಬಿಡ್ ಬರೆಯುವಾಗ ಚಾಟ್‌ಬಾಟ್: ಓದಲು ಬಳಸಿ, ಮಾತು ಕೊಡಲು ಬೇಡ

(ಸಣ್ಣ ಗುತ್ತಿಗೆದಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕ ಮಿತ್ರರೇ,

ಸಾರ್ವಜನಿಕ ಟೆಂಡರಿಗೆ ಬಿಡ್ ಹಾಕಿ, ಸೋತು, ಮತ್ತೆ ಆ ಕಡೆ ತಲೆ ಹಾಕದ ಅನೇಕ ಸಣ್ಣ ಸಂಸ್ಥೆಗಳನ್ನು ನಾನು ಹತ್ತಿರದಿಂದ ಬಲ್ಲೆ. ಅವರಲ್ಲಿ ಕೆಲಸ ಬಾರದೆ ಸೋತವರು ಕಡಿಮೆ, ಕಾಗದಪತ್ರದಲ್ಲಿ ಸೋತವರೇ ಹೆಚ್ಚು. ಒಬ್ಬರ ಬಿಡ್‌ನಲ್ಲಿ ಅನುಬಂಧವೊಂದಕ್ಕೆ ಸಹಿ ಬಿದ್ದಿರಲಿಲ್ಲ. ಇನ್ನೊಬ್ಬರು ತಿದ್ದುಪಡಿ ಪ್ರಕಟಣೆಯಲ್ಲಿ ಬದಲಾಗಿದ್ದ ವಹಿವಾಟಿನ ಮಿತಿಯನ್ನು ನೋಡಿರಲಿಲ್ಲ. ಮತ್ತೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಬದಲು ತಮ್ಮ ಸಂಸ್ಥೆ ಬೆಳೆದುಬಂದ ಬಗೆಯನ್ನು ಬರೆದಿದ್ದರು. ನಾನು ಮೊದಲು ಹಲವು ವರ್ಷ ಬಿಡ್ ಬರೆಯುವ ಕಡೆ ದುಡಿದು, ಆಮೇಲೆ ಬಿಡ್‌ಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿಯೂ ಕುಳಿತವನು. ಎರಡೂ ಕಡೆಯಿಂದ ಕಂಡ ಸಂಗತಿ ಒಂದೇ: ದೊಡ್ಡ ಸಂಸ್ಥೆಗಳಿಗೆ ಬಿಡ್ ಬರೆಯುವುದಕ್ಕೆಂದೇ ಒಂದು ವಿಭಾಗ ಇರುತ್ತದೆ, ಸಣ್ಣವರಿಗೆ ದಿನದ ಕೆಲಸ ಮುಗಿದ ಮೇಲೆ ಉಳಿಯುವ ರಾತ್ರಿ ಮಾತ್ರ ಇರುತ್ತದೆ. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಸದಸ್ಯ ದೇಶಗಳಲ್ಲಿ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಶೇ. 12ರಿಂದ 13ರಷ್ಟು ಹಣ ಸಾರ್ವಜನಿಕ ಖರೀದಿಯ ಮೂಲಕವೇ ಹರಿಯುತ್ತದೆ. ಇಷ್ಟು ದೊಡ್ಡ ಹರಿವಿನಲ್ಲಿ ಚೆನ್ನಾಗಿ ಕೆಲಸ ಮಾಡುವವರಿಗಿಂತ ಚೆನ್ನಾಗಿ ಕಾಗದ ಸಿದ್ಧಪಡಿಸುವವರಿಗೆ ದಾರಿ ಸಲೀಸಾಗುವುದು ನ್ಯಾಯವಲ್ಲ ಎಂಬ ನೋವು ನನಗೆ ಬಹಳ ಹಿಂದಿನಿಂದಲೂ ಇದೆ.

ಆದ್ದರಿಂದ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಚಾಟ್‌ಬಾಟ್ ಬಳಕೆಗೆ ಬಂದಾಗ, ಸಣ್ಣವರಿಗೆ ಇಲ್ಲದಿದ್ದ ಬಿಡ್ ವಿಭಾಗ ಈಗ ಕೈಗೆ ಬಂತು ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಸಂತೋಷ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ನಡುವಿನ ವರ್ಷಗಳಲ್ಲಿ ಚಾಟ್‌ಬಾಟ್ ಬರೆದ ಬಿಡ್‌ಗಳನ್ನು ಓದಿ ಓದಿ ನನ್ನ ಅಭಿಪ್ರಾಯ ಒಂದು ಕಡೆಗೆ ನಿಂತಿದೆ. ಬಿಡ್ ಎಂದರೆ ಪ್ರಬಂಧವಲ್ಲ, ಸಹಿ ಹಾಕಿ ಕೊಡುವ ಮಾತುಗಳ ಕಟ್ಟು. ಟೆಂಡರ್ ಏನು ಕೇಳುತ್ತಿದೆ ಎಂದು ಓದಿ ತಿಳಿಯುವುದಕ್ಕೆ, ನಮ್ಮಲ್ಲಿ ಏನಿದೆ ಎಂದು ಕೆದಕಿ ಹೊರತೆಗೆಯುವುದಕ್ಕೆ ಚಾಟ್‌ಬಾಟ್ ಒಳ್ಳೆಯ ಸಹಾಯಕ. ನಮ್ಮ ಪರವಾಗಿ ಮಾತು ಕೊಡುವ ಕೆಲಸಕ್ಕೆ ಅದನ್ನು ಹಚ್ಚಬಾರದು. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ನೀರೆತ್ತುವ ಪಂಪ್‌ಹೌಸಿನ ನಿರ್ವಹಣೆಗೆ ಟೆಂಡರ್ ಕರೆಯಲಾಗಿದೆ ಎಂದಿಟ್ಟುಕೊಳ್ಳಿ. ತಾಂತ್ರಿಕ ಬಿಡ್‌ನಲ್ಲಿ ಒಂದು ಪ್ರಶ್ನೆ: "ಸೇವೆಗೆ ಅಡಚಣೆಯಾದಾಗ ಅದನ್ನು ಹೇಗೆ ನಿಭಾಯಿಸುವಿರಿ ಎಂಬುದನ್ನು 300 ಪದಗಳಲ್ಲಿ ವಿವರಿಸಿ." ಗುತ್ತಿಗೆದಾರರು ಈ ಪ್ರಶ್ನೆಯನ್ನು ಹಾಗೆಯೇ ಚಾಟ್‌ಬಾಟಿಗೆ ಕೊಟ್ಟರೆ ಬರುವ ಉತ್ತರದಲ್ಲಿ ಇಂಥದೊಂದು ವಾಕ್ಯ ಇದ್ದೇ ಇರುತ್ತದೆ: "ನಮ್ಮ ನುರಿತ ತಂಡವು ದಿನದ 24 ಗಂಟೆಯೂ ಲಭ್ಯವಿದ್ದು, ಯಾವುದೇ ದೋಷಕ್ಕೆ 2 ಗಂಟೆಯೊಳಗೆ ಸ್ಪಂದಿಸಿ, ಶೇ. 99.9ರಷ್ಟು ನಿರಂತರ ಸೇವೆಯನ್ನು ಖಾತ್ರಿಪಡಿಸುತ್ತದೆ." ಓದುವುದಕ್ಕೆ ಸೊಗಸಾಗಿದೆ. ಈಗ ಲೆಕ್ಕ ಹಾಕಿ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಶೇ. 0.1 ಎಂದರೆ ಒಂಬತ್ತು ಗಂಟೆಗೂ ಕಡಿಮೆ. ಇಡೀ ವರ್ಷದಲ್ಲಿ ಒಟ್ಟು ಒಂಬತ್ತು ಗಂಟೆ ಕೂಡ ಪಂಪ್ ನಿಲ್ಲದಂತೆ ನೋಡಿಕೊಳ್ಳುತ್ತೇನೆ ಎಂದು ಇವರು ಬರೆದುಕೊಟ್ಟಂತಾಯಿತು. ಒಂದು ಮೋಟಾರನ್ನು ಇಳಿಸಿ, ಸುರುಳಿ ಸುತ್ತಿಸಿ, ಮತ್ತೆ ಕೂರಿಸುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇನ್ನು 24 ಗಂಟೆಯ ಮಾತು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಒಂದೇ ಒಂದು ಸ್ಥಾನವನ್ನು ಹಗಲಿರುಳೂ ತುಂಬುವುದಕ್ಕೆ ಮೂರೂವರೆ ಜನ ಬೇಕು, ರಜೆಯನ್ನೂ ಸೇರಿಸಿದರೆ ನಾಲ್ಕಕ್ಕೆ ಕಡಿಮೆಯಿಲ್ಲ. ಈ ಗುತ್ತಿಗೆದಾರರ ಬಳಿ ಇರುವುದು ಇಬ್ಬರು ಫಿಟ್ಟರುಗಳು, ಹಣಕಾಸು ಬಿಡ್‌ನಲ್ಲಿ ದರ ಹಾಕಿರುವುದೂ ಇಬ್ಬರ ಸಂಬಳಕ್ಕೇ. ಟೆಂಡರ್ ಗೆದ್ದ ಮರುದಿನದಿಂದ ಈ ವಾಕ್ಯ ಕರಾರಿನ ಭಾಗ. ಪ್ರತಿ ತಿಂಗಳ ಬಿಲ್ಲಿನಲ್ಲಿ ದಂಡ ಕಡಿತವಾಗುವುದು ಇದರ ಆಧಾರದ ಮೇಲೆಯೇ.

ಚಾಟ್‌ಬಾಟ್ ಸುಳ್ಳು ಹೇಳಬೇಕೆಂದು ಹೊರಟು ಇದನ್ನು ಬರೆದದ್ದಲ್ಲ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಒಂದು ಪದದ ನಂತರ ಇನ್ನಾವ ಪದ ಬರಬಹುದು ಎಂಬುದನ್ನು ಊಹಿಸಲು ಕಲಿಸಿದ ಯಂತ್ರ ಅದು. ಸೇವಾ ಸಂಸ್ಥೆಗಳು ತಮ್ಮ ಬಗ್ಗೆ ಬರೆದುಕೊಂಡ ಪರಿಚಯ ಪುಸ್ತಿಕೆಗಳಲ್ಲಿ "24 ಗಂಟೆ", "ಶೇ. 99.9", "ನುರಿತ ತಂಡ" ಎಂಬ ಮಾತುಗಳು ಎಷ್ಟು ಸಲ ಬಂದಿವೆಯೆಂದರೆ, ಬೇರೆ ಮಾಹಿತಿ ಕೊಡದಿದ್ದಾಗ ಅದರ ಊಹೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನಿಮ್ಮಲ್ಲಿ ಎಷ್ಟು ಜನರಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡುವ ಅಭ್ಯಾಸವೂ, ನಾವಾಗಿ ಹೇಳದ ಹೊರತು, ಅದಕ್ಕೆ ಕಡಿಮೆ. 2023ರ ಜೂನಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಇಬ್ಬರು ವಕೀಲರಿಗೂ ಅವರ ಕಚೇರಿಗೂ ಒಟ್ಟು 5,000 ಡಾಲರ್ ದಂಡ ಹಾಕಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಚಾಟ್‌ಬಾಟ್ ಸೃಷ್ಟಿಸಿಕೊಟ್ಟಿತ್ತು, ಅವುಗಳನ್ನು ಪರೀಕ್ಷಿಸದೆ ನ್ಯಾಯಾಲಯಕ್ಕೆ ಸಲ್ಲಿಸಲಾಗಿತ್ತು. ಬಿಡ್‌ನಲ್ಲಿ ಇದೇ ಬಗೆಯ ಸೃಷ್ಟಿ ನಡೆಯುವುದು ಅನುಭವದ ಪಟ್ಟಿಯಲ್ಲಿ, ಐಎಸ್ಒ ಪ್ರಮಾಣಪತ್ರದ ಉಲ್ಲೇಖದಲ್ಲಿ, ಹಿಂದಿನ ಕೆಲಸದಿಂದ ಇಂತಿಷ್ಟು ಉಳಿತಾಯವಾಯಿತು ಎಂಬ ಅಂಕಿಯಲ್ಲಿ.

"ಅದು ಯಂತ್ರದ ತಪ್ಪು, ನಮಗೆ ಗೊತ್ತಿರಲಿಲ್ಲ" ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ವಿಶ್ವಬ್ಯಾಂಕ್ ನೆರವಿನ ಯೋಜನೆಗಳ ಟೆಂಡರುಗಳಲ್ಲಿ ವಂಚನೆ ಎಂಬುದರ ವ್ಯಾಖ್ಯೆಯಲ್ಲಿ ತಿಳಿದೂ ತಿಳಿದು ದಾರಿ ತಪ್ಪಿಸುವುದು ಮಾತ್ರವಲ್ಲ, ನಿಜವೋ ಸುಳ್ಳೋ ಎಂದು ಲೆಕ್ಕಿಸದೆ ಹೇಳಿ ದಾರಿ ತಪ್ಪಿಸುವುದೂ ಸೇರಿದೆ. ಅದು ಸಾಬೀತಾದರೆ ಸಂಸ್ಥೆಯನ್ನು ವರ್ಷಗಟ್ಟಲೆ ನಿಷೇಧಿತರ ಪಟ್ಟಿಗೆ ಸೇರಿಸಬಹುದು, ಆ ಪಟ್ಟಿ ಎಲ್ಲರ ಕಣ್ಣಿಗೂ ಕಾಣುವಂತೆ ಪ್ರಕಟವಾಗುತ್ತದೆ. ಯುರೋಪಿಯನ್ ಒಕ್ಕೂಟದ 2014ರ ಸಾರ್ವಜನಿಕ ಖರೀದಿ ನಿರ್ದೇಶನದ 57ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಆಯ್ಕೆಯ ಮೇಲೆ ಗಣನೀಯ ಪರಿಣಾಮ ಬೀರಬಲ್ಲ ತಪ್ಪು ಮಾಹಿತಿಯನ್ನು ಬರೀ ಅಲಕ್ಷ್ಯದಿಂದ ಕೊಟ್ಟಿದ್ದರೂ ಬಿಡ್‌ದಾರರನ್ನು ಹೊರಗಿಡಬಹುದು, ಹಾಗೆ ಹೊರಗಿಡುವ ಅವಧಿ ಮೂರು ವರ್ಷದವರೆಗೂ ಹೋಗಬಹುದು. ಈ ನಿಯಮಗಳು ಚಾಟ್‌ಬಾಟುಗಳು ಬರುವ ಮೊದಲೇ ಬರೆದವು, ಆದರೂ ಚಾಟ್‌ಬಾಟ್ ಬರೆದದ್ದನ್ನು ಓದದೆ ಸಹಿ ಹಾಕುವವರಿಗೆಂದೇ ಬರೆದಂತಿವೆ. ಸಂಬಳದ ಮೇಲೆ ನಿಂತ ಹತ್ತು ಕುಟುಂಬಗಳಿರುವ ಸಣ್ಣ ಸಂಸ್ಥೆಗೆ ಮೂರು ವರ್ಷದ ನಿಷೇಧ ಎಂದರೆ ಬಾಗಿಲು ಮುಚ್ಚಿದಂತೆಯೇ.

ಹಾಗಾದರೆ ಯಾವುದಕ್ಕೆ ಬಳಸಬೇಕು? ಮೊದಲನೆಯದಾಗಿ ಓದುವುದಕ್ಕೆ. ಇನ್ನೂರು ಮುನ್ನೂರು ಪುಟದ ಟೆಂಡರ್ ದಾಖಲೆಯನ್ನು ಕೊಟ್ಟು "ಇದರ ಸಾರಾಂಶ ಹೇಳು" ಎಂದು ಕೇಳುವುದು ನಿರುಪಯುಕ್ತ, ಏಕೆಂದರೆ ಬಿಡ್ ತಿರಸ್ಕಾರವಾಗುವುದು ಸಾರಾಂಶದಲ್ಲಿ ಬಿಟ್ಟುಹೋಗುವ ಸಣ್ಣ ಷರತ್ತಿನಿಂದ. ಅದರ ಬದಲು ದಾಖಲೆಯನ್ನು ಅಧ್ಯಾಯಕ್ಕೊಂದರಂತೆ ತುಂಡು ಮಾಡಿ, ಪ್ರತಿಯೊಂದರಿಂದಲೂ ಕಡ್ಡಾಯ ಷರತ್ತುಗಳನ್ನು ಮಾತ್ರ ತೆಗೆಸಿ: ಷರತ್ತಿನ ಸಂಖ್ಯೆ, ಪುಟ, ಮೂಲದಲ್ಲಿರುವ ಪದಗಳು ಒಂದಕ್ಷರವೂ ಬದಲಾಗದೆ, ಅದಕ್ಕೆ ಲಗತ್ತಿಸಬೇಕಾದ ದಾಖಲೆ. "ಸಲ್ಲಿಸತಕ್ಕದ್ದು" ಎಂದಿದ್ದರೆ ಅದು ಕಡ್ಡಾಯ, "ಅಪೇಕ್ಷಣೀಯ" ಎಂದಿದ್ದರೆ ಅಂಕಕ್ಕೆ; ಈ ಎರಡನ್ನು ಪಟ್ಟಿಯ ಬೇರೆ ಬೇರೆ ಕಾಲಂಗಳಲ್ಲಿ ಹಾಕಿಸಿ. ತುಂಡು ಮಾಡಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಉದ್ದನೆಯ ಬರಹ ಕೊಟ್ಟಾಗ ಚಾಟ್‌ಬಾಟಿನ ಒಳಗಿರುವ ಭಾಷಾ ಮಾದರಿಗಳು ಆರಂಭದ ಮತ್ತು ಕೊನೆಯ ಸಂಗತಿಗಳನ್ನು ಹಿಡಿದಷ್ಟು ಚೆನ್ನಾಗಿ ನಡುವಿನ ಸಂಗತಿಗಳನ್ನು ಹಿಡಿಯುವುದಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಾದರಿಗಳು ಆಮೇಲೆ ಸುಧಾರಿಸಿವೆ. ಆದರೂ ಠೇವಣಿ, ದಂಡ, ಅರ್ಹತೆಯ ಷರತ್ತುಗಳು ಹೆಚ್ಚಾಗಿ ದಾಖಲೆಯ ನಡುವೆಯೇ ಇರುವುದರಿಂದ ನಾನು ಈ ಅಭ್ಯಾಸವನ್ನು ಬಿಟ್ಟಿಲ್ಲ. ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಕೋಷ್ಟಕದ ಸಾಲುಗಳು ಒಂದಕ್ಕೊಂದು ಜಾರಿ, ಒಂದರ ಪ್ರಮಾಣ ಇನ್ನೊಂದರ ಮುಂದೆ ಕೂರುವುದೂ ಉಂಟು. ಆದ್ದರಿಂದ ಪಟ್ಟಿ ಸಿದ್ಧವಾದ ಮೇಲೆ ಒಬ್ಬರು ಮೂಲ ದಾಖಲೆಯನ್ನು ಮುಂದಿಟ್ಟುಕೊಂಡು, ಪುಟ ತೆರೆದು, ಸಾಲು ಸಾಲಾಗಿ ಗುರುತು ಹಾಕಲೇಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಮೊದಲು ಇದೇ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು.

ಇದೇ ಓದಿನಲ್ಲಿ ಇನ್ನೊಂದು ಲಾಭವಿದೆ. ಟೆಂಡರ್ ದಾಖಲೆಗಳನ್ನು ಸಿದ್ಧಪಡಿಸುವವರೂ ಹಳೆಯ ದಾಖಲೆಗಳಿಂದ ತುಂಡುಗಳನ್ನು ಎತ್ತಿ ಜೋಡಿಸುವುದುಂಟು, ಆಗ ಒಂದು ಕಡೆ ಮೂರು ವರ್ಷದ ಅನುಭವ, ಅನುಬಂಧದ ನಮೂನೆಯಲ್ಲಿ ಐದು ವರ್ಷದ ಅನುಭವ ಎಂದು ಉಳಿದುಬಿಡುತ್ತದೆ. ಇಂಥ ವಿರೋಧಗಳನ್ನು ಹುಡುಕಿ ತೋರಿಸು ಎಂದರೆ ಚಾಟ್‌ಬಾಟ್ ಬಹುತೇಕ ಚೆನ್ನಾಗಿಯೇ ಹುಡುಕುತ್ತದೆ. ಸಿಕ್ಕಿದ್ದನ್ನು ಬಿಡ್ ಸಲ್ಲಿಸುವ ಮುನ್ನ ನಡೆಯುವ ಪ್ರಿ-ಬಿಡ್ ಸಭೆಯಲ್ಲಿ, ಇಲ್ಲವೇ ಸ್ಪಷ್ಟೀಕರಣ ಕೇಳುವ ಗಡುವಿನೊಳಗೆ ಬರವಣಿಗೆಯಲ್ಲಿ ಕೇಳಬೇಕು. ಕೇಳಿದರೆ ಅಧಿಕಾರಿಗಳಿಗೆ ಬೇಸರವಾದೀತು ಎಂಬ ಅಳುಕು ಸಣ್ಣವರಲ್ಲಿ ಬಹಳ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್ಸಿಟ್ರಾಲ್ 2011ರಲ್ಲಿ ರೂಪಿಸಿದ ಸಾರ್ವಜನಿಕ ಖರೀದಿಯ ಮಾದರಿ ಕಾನೂನಿನಲ್ಲಿ, ಕೇಳಿದವರು ಯಾರೆಂದು ತಿಳಿಸದೆ ಉತ್ತರವನ್ನು ಎಲ್ಲ ಬಿಡ್‌ದಾರರಿಗೂ ಕಳುಹಿಸಬೇಕು ಎಂದೇ ಇದೆ. ಪ್ರಶ್ನೆ ಕೇಳುವುದು ಬಿಡ್‌ದಾರರ ಹಕ್ಕು.

ಎರಡನೆಯ ಬಳಕೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಚಾಟ್‌ಬಾಟಿಗೆ ಉತ್ತರ ಬರೆಯಲು ಹೇಳಬೇಡಿ, ಪ್ರಶ್ನೆ ಕೇಳಲು ಹೇಳಿ. ಟೆಂಡರಿನ ಪ್ರಶ್ನೆಯನ್ನೂ ಅದಕ್ಕೆ ಅಂಕ ಕೊಡುವ ಮಾನದಂಡವನ್ನೂ ಕೊಟ್ಟು, "ಈ ಉತ್ತರಕ್ಕೆ ಪೂರ್ಣ ಅಂಕ ಬರಬೇಕಾದರೆ ನಮ್ಮ ಮೇಲ್ವಿಚಾರಕರಿಂದ ಏನೇನು ತಿಳಿಯಬೇಕು, ಒಂದೊಂದಾಗಿ ಕೇಳು" ಎನ್ನಿ. ಆ ಪ್ರಶ್ನೆಗಳನ್ನು ತೆಗೆದುಕೊಂಡು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿರುವವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಅದೇ ಪಂಪ್‌ಹೌಸ್ ಟೆಂಡರಿನ ಬಗೆಯ ಕೆಲಸವೊಂದಕ್ಕೆ ನಾನು ಹೀಗೆ ಹೋಗಿದ್ದಾಗ ಹಿರಿಯ ಫಿಟ್ಟರೊಬ್ಬರು ಹೇಳಿದ್ದು ಹೀಗಿತ್ತು: "ಹೋದ ವರ್ಷ ರಾತ್ರಿ ಎರಡನೇ ಪಂಪಿನ ಬೇರಿಂಗ್ ಹೋಯ್ತು ಸಾರ್. ಶಬ್ದದಲ್ಲೇ ಗೊತ್ತಾಯ್ತು ನನಗೆ. ಆ ಅಳತೆ ಬೇರಿಂಗು ಒಂದು ಜೊತೆ ಯಾವಾಗ್ಲೂ ಇಟ್ಟಿರ್ತೀವಿ. ಮೂರನೇದು ಚಾಲೂ ಮಾಡಿ, ಎರಡನೇದು ಬಿಚ್ಚಿ, ಬೆಳಗಾಗೋದರೊಳಗೆ ಕೂರಿಸಿದ್ವಿ. ಲಾಗ್‌ಬುಕ್ಕಲ್ಲಿ ಬರೆದಿದೀವಿ ನೋಡಿ." ಬಿಡಿ ಭಾಗಗಳ ದಾಸ್ತಾನು, ಬದಲಿ ಪಂಪಿನ ವ್ಯವಸ್ಥೆ, ದೋಷ ಗುರುತಿಸುವ ಅನುಭವ, ದಾಖಲೆ, ಎಲ್ಲವೂ ಆ ನಾಲ್ಕಾರು ಮಾತಿನಲ್ಲಿದೆ. ಲಾಗ್‌ಬುಕ್ಕಿನ ಆ ಪುಟದ ನಕಲು ತೆಗೆದು ಲಗತ್ತಿಸಿದೆವು. ಆ ಮಾತನ್ನು ಟೆಂಡರ್ ಭಾಷೆಗೆ ಒಗ್ಗಿಸಿ, ಪ್ರಶ್ನೆಯ ಕ್ರಮಕ್ಕೆ ಜೋಡಿಸುವುದರಲ್ಲಿ ಚಾಟ್‌ಬಾಟಿನ ನೆರವು ಪಡೆದೆವು, "ಕೊಟ್ಟ ಮಾಹಿತಿಯ ಹೊರಗಿನ ಯಾವ ಸಂಗತಿಯನ್ನೂ ಸೇರಿಸಬೇಡ, ಬೇಕಾದ ಮಾಹಿತಿ ಇಲ್ಲದ ಕಡೆ 'ಮಾಹಿತಿ ಬೇಕು' ಎಂದು ಬರೆದು ಜಾಗ ಬಿಡು" ಎಂಬ ಸೂಚನೆಯೊಂದಿಗೆ. ಬಿಟ್ಟ ಜಾಗಗಳು ಎಷ್ಟಿವೆಯೋ ಅಷ್ಟು ಸಲ ಮತ್ತೆ ಆ ಫಿಟ್ಟರ ಬಳಿ ಹೋಗಬೇಕಾಯಿತು. ಹೋದೆವು.

ಸಮಿತಿಯ ಮೇಜಿನ ಆಚೆ ಕುಳಿತಾಗ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹನ್ನೊಂದು ಬಿಡ್‌ಗಳು ಬಂದಿವೆ, ಎಂಟರಲ್ಲಿ ಉತ್ತರ ಒಂದೇ ಅಚ್ಚಿನಲ್ಲಿ ತೆಗೆದಂತಿದೆ: ಅದೇ ಮೂರು ಶೀರ್ಷಿಕೆ, ಅದೇ ಐದು ಅಂಶ, ಅದೇ "ಸಮಗ್ರ", ಅದೇ "ಸುಸ್ಥಿರ". ಎಲ್ಲರ ಉತ್ತರವೂ ಒಂದೇ ಆದಾಗ ಗುಣಮಟ್ಟದ ಅಂಕದಲ್ಲಿ ಅಂತರವೇ ಬೀಳುವುದಿಲ್ಲ, ಕೊನೆಗೆ ದರವೊಂದೇ ತೀರ್ಮಾನಿಸುತ್ತದೆ. ದರದ ಪೈಪೋಟಿಯಲ್ಲಿ ಉಸಿರು ಹಿಡಿದು ನಿಲ್ಲಬಲ್ಲವರು ದೊಡ್ಡವರೇ ಹೊರತು ನೀವಲ್ಲ. ಸಣ್ಣವರಿಗೆ ನೆರವಾಗುತ್ತದೆಂದು ನಾವು ಭಾವಿಸಿದ್ದ ಸಾಧನ ಸಣ್ಣವರ ಏಕೈಕ ಬಂಡವಾಳವನ್ನೇ, ಅಂದರೆ ಕೈಯಾರೆ ಮಾಡಿದ ಕೆಲಸದ ವಿವರವನ್ನೇ, ಅಳಿಸಿಹಾಕುವುದು ಹೀಗೆ. ಆ ಹನ್ನೊಂದರ ನಡುವೆ ಬೇರಿಂಗಿನ ಕತೆ ಹೇಳಿ ಲಾಗ್‌ಬುಕ್ಕಿನ ಪುಟ ತೋರಿಸಿದ ಬಿಡ್ ಬಂದರೆ ಪರಿಶೀಲಿಸುವವರು ಎದ್ದು ಕುಳಿತು ಓದುತ್ತಾರೆ.

ಒಂದೇ ಅಚ್ಚಿನ ಬರಹಕ್ಕೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. ಬಿಡ್‌ದಾರರು ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡಿದ್ದಾರೆಯೇ ಎಂದು ಪತ್ತೆಹಚ್ಚಲು ಒಇಸಿಡಿ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಬೇರೆ ಬೇರೆ ಬಿಡ್‌ಗಳಲ್ಲಿ ಒಂದೇ ಬಗೆಯ ತಪ್ಪುಗಳು ಕಾಣುವುದನ್ನು ಎಚ್ಚರಿಕೆಯ ಗುರುತು ಎಂದು ಹೇಳಲಾಗಿದೆ. ಯಾರೊಂದಿಗೂ ಮಾತನಾಡದ ಇಬ್ಬರು ಒಂದೇ ಚಾಟ್‌ಬಾಟಿನಿಂದ ಒಂದೇ ತಪ್ಪು ಅಂಕಿಯನ್ನು ಎತ್ತಿಕೊಂಡು ಅನುಮಾನದ ಕಣ್ಣಿಗೆ ಬೀಳಬಹುದು. ಆಗ ನಿಮ್ಮನ್ನು ಕಾಯುವುದು ನಿಮ್ಮ ಕರಡುಗಳು, ಧ್ವನಿಮುದ್ರಣ, ಲೆಕ್ಕದ ಹಾಳೆಗಳು; ಅವನ್ನು ತೆಗೆದಿಡಿ. ದರದ ವಿಚಾರದಲ್ಲಂತೂ ನನ್ನ ಮಾತು ಖಡಾಖಂಡಿತ: ಎಷ್ಟು ದರ ಹಾಕಲಿ ಎಂದು ಚಾಟ್‌ಬಾಟನ್ನು ಕೇಳಲೇಬೇಡಿ. ಕೂಡುವ ಗುಣಿಸುವ ಕೆಲಸಕ್ಕೆ ಲೆಕ್ಕದ ಹಾಳೆ ಇದೆ, ದರ ನಿರ್ಧರಿಸುವುದಕ್ಕೆ ನಿಮ್ಮ ಕೂಲಿ, ಸಾಮಗ್ರಿ, ಸಾಗಣೆಯ ಲೆಕ್ಕವಿದೆ.

ಗೌಪ್ಯತೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಉಚಿತ ಖಾತೆಗಳಲ್ಲಿ ನೀವು ಹಾಕಿದ ಬರಹವನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸುವ ಸಾಧ್ಯತೆ ಇರುತ್ತದೆ. ಆ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ನೋಡಿ ಮುಚ್ಚಿ, ಸಾಧ್ಯವಾದರೆ ಸಂಸ್ಥೆಗಳಿಗೆಂದೇ ಇರುವ ಖಾತೆ ಪಡೆಯಿರಿ. ಟೆಂಡರ್ ದಾಖಲೆಗೆ ಗೌಪ್ಯತೆಯ ಕರಾರು ಇದ್ದರೆ, ಅಥವಾ ಅದರಲ್ಲಿ ಕಟ್ಟಡದ ಭದ್ರತಾ ನಕ್ಷೆಯಂಥದ್ದು ಇದ್ದರೆ, ಅದನ್ನು ಹಾಕುವಂತಿಲ್ಲ. ಸಿಬ್ಬಂದಿಯ ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆಗಳನ್ನು ತೆಗೆದೇ ಹಾಕಿ.

ಚಾಟ್‌ಬಾಟ್ ಬಳಸಿದ್ದನ್ನು ಹೇಳಬೇಕೇ ಎಂಬ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುತ್ತಾರೆ. ಬ್ರಿಟನ್ ಸರ್ಕಾರ 2024ರ ಮಾರ್ಚಿನಲ್ಲಿ ತನ್ನ ಖರೀದಿ ಇಲಾಖೆಗಳಿಗೆ ಕೊಟ್ಟ ಸೂಚನೆಯಲ್ಲಿ, ಬಿಡ್‌ದಾರರು ಇಂಥ ಸಾಧನ ಬಳಸುವುದಕ್ಕೆ ತಡೆ ಹಾಕಿಲ್ಲ. ಬಳಸಿದ್ದೀರಾ ಎಂದು ಕೇಳುವ ಮಾದರಿ ಪ್ರಶ್ನೆಯನ್ನು ಕೊಟ್ಟಿದೆ, ಅದಕ್ಕೆ ಅಂಕವಿಲ್ಲ, ಮಾಹಿತಿಗಾಗಿ ಮಾತ್ರ ಎಂದೂ ಹೇಳಿದೆ. ನನಗೆ ಇದು ಸರಿಯಾದ ದಾರಿ ಎನಿಸುತ್ತದೆ. ಟೆಂಡರ್ ಕೇಳಿದ್ದರೆ ಇದ್ದದ್ದನ್ನು ಇದ್ದಂತೆ ಬರೆಯಿರಿ: ಷರತ್ತುಗಳ ಪಟ್ಟಿ ಮಾಡಲು, ಭಾಷೆ ತಿದ್ದಲು ಬಳಸಿದ್ದೇವೆ, ಪ್ರತಿ ಸಂಗತಿಯನ್ನೂ ಇಂಥ ಹುದ್ದೆಯವರು ಮೂಲ ದಾಖಲೆಯೊಂದಿಗೆ ತಾಳೆ ನೋಡಿದ್ದಾರೆ. ಬಳಸಿ, ಬಳಸಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳು ಘೋಷಣೆಯೇ ಆಗುತ್ತದೆ.

ಕೊನೆಯದಾಗಿ, ಭಾಷೆ ತಿದ್ದಿಸುವ ಬಗ್ಗೆ. ಇದು ಎಲ್ಲಕ್ಕಿಂತ ನಿರಪಾಯವಾದ ಬಳಕೆ ಎಂದು ನಾನೂ ಮೊದಲು ತಿಳಿದಿದ್ದೆ. ಒಂದು ಸಲ ನಮ್ಮ ಕರಡಿನಲ್ಲಿ "ಬಿಡಿ ಭಾಗ ದಾಸ್ತಾನಿನಲ್ಲಿದ್ದರೆ ಅದೇ ದಿನ ದುರಸ್ತಿ ಮಾಡಲು ಪ್ರಯತ್ನಿಸುತ್ತೇವೆ" ಎಂದಿತ್ತು. "ವಾಕ್ಯಗಳನ್ನು ಅಚ್ಚುಕಟ್ಟು ಮಾಡಿಕೊಡು" ಎಂದಷ್ಟೇ ಕೇಳಿದ್ದಕ್ಕೆ ಮರಳಿ ಬಂದದ್ದು "ಅದೇ ದಿನ ದುರಸ್ತಿಯನ್ನು ಪೂರ್ಣಗೊಳಿಸುತ್ತೇವೆ". "ಇದ್ದರೆ" ಎಂಬ ಷರತ್ತು ಹೋಗಿತ್ತು, "ಪ್ರಯತ್ನ" ಹೋಗಿತ್ತು. ವಾಕ್ಯ ಚೊಕ್ಕಟವಾಗಿತ್ತು, ಹೊಣೆ ಹತ್ತು ಪಾಲು ಹೆಚ್ಚಿತ್ತು. ನಲವತ್ತು ಪುಟದಲ್ಲಿ ಇಂಥ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಅಂದಿನಿಂದ ನಾವು ಪಾಲಿಸುವ ಕ್ರಮ ಇದು: ತಿದ್ದಿದ ಪ್ರತಿಯನ್ನು ಹಳೆಯದರೊಂದಿಗೆ ಹೋಲಿಸಿ, ಬದಲಾದ ಪದಗಳಿಗೆ ಬಣ್ಣ ಬರುವಂತೆ ಮಾಡಿ, "-ತ್ತೇವೆ" ಎಂದು ಮುಗಿಯುವ ಪ್ರತಿಯೊಂದು ವಾಕ್ಯದ ಅಡಿಯಲ್ಲಿ ಪೆನ್ಸಿಲಿನ ಗೆರೆ ಎಳೆಯುತ್ತೇವೆ. ಆಮೇಲೆ ಆ ಕೆಲಸ ನಿಜವಾಗಿ ಮಾಡಬೇಕಾದವರನ್ನು, ಅಂದರೆ ಫಿಟ್ಟರನ್ನು, ಉಗ್ರಾಣದವರನ್ನು, ಲೆಕ್ಕಿಗರನ್ನು ಕೂರಿಸಿಕೊಂಡು ಆ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತೇವೆ. "ಇದು ನಮ್ಮಿಂದ ಆಗುತ್ತದೆ" ಎಂದವರು ಅಂಚಿನಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆಯುತ್ತಾರೆ; ಯಾರ ಅಕ್ಷರವೂ ಬೀಳದ ವಾಕ್ಯವನ್ನು ತೆಗೆದುಹಾಕುತ್ತೇವೆ. ಈ ಓದು ಸಲ್ಲಿಕೆಯ ಗಡುವಿಗೆ ಎರಡು ದಿನ ಮೊದಲು ನಡೆಯುತ್ತದೆ. ಅದು ಮುಗಿದ ಮೇಲೆ ಆ ಬಿಡ್‌ನ ಯಾವ ಪುಟವನ್ನೂ ಮತ್ತೆ ಚಾಟ್‌ಬಾಟಿಗೆ ಕೊಡುವುದಿಲ್ಲ.